ಅಬ್ಬಾನ ಹೊಲ, ಅಣ್ಣನ ಪಹಣಿ: ಪಾಲು ಕೇಳೋದು ಹೇಗೆ?

ಮುಸ್ಲಿಂ ಮನೆಯೊಂದರಲ್ಲಿ ಅಬ್ಬಾ ತೀರಿಕೊಂಡು ಎರಡು ವರ್ಷ ಆಗಿರುತ್ತದೆ. ಹೊಲ ಅಣ್ಣನೇ ನೋಡಿಕೊಳ್ತಿರುತ್ತಾನೆ, ಯಾರೂ ಏನೂ ಕೇಳಿರುವುದಿಲ್ಲ. ಒಂದು ದಿನ ತಂಗಿ ಸುಮ್ನೆ ಪಹಣಿ ತೆಗೆಸಿ ನೋಡಿದರೆ ಗಂಡುಮಕ್ಕಳ ಹೆಸರು ಮಾತ್ರ. ಅಮ್ಮನ ಹೆಸರೂ ಇಲ್ಲ.

ಗಾಬರಿ ಬೇಡ. ಪಹಣಿ ಕಂದಾಯದ ದಾಖಲೆ, ಅದೇ ಮಾಲೀಕತ್ವ ಅಲ್ಲ. ಅದರಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಆದರೆ ಸುಮ್ಮನೆ ಕೂರಲೂಬಾರದು.

ಮೊದಲು ಲೆಕ್ಕ ಹಾಕಿ. ಇಲ್ಲಿ 'ಪಿತ್ರಾರ್ಜಿತ, ಸ್ವಯಾರ್ಜಿತ' ಅನ್ನೋ ಮಾತನ್ನೇ ಮರೆತುಬಿಡಿ, ಅದು ಹಿಂದೂ ಕಾನೂನಿನದು. ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಯಾರಿಗೂ ಹಕ್ಕು ಬರುವುದಿಲ್ಲ, ಸತ್ತ ಕ್ಷಣಕ್ಕೆ ಎಲ್ಲ ವಾರಸುದಾರರಿಗೂ ಒಟ್ಟಿಗೆ ಬರುತ್ತದೆ. ಅಜ್ಜ ಕೊಟ್ಟದ್ದೋ ತಾನೇ ಕೊಂಡದ್ದೋ, ಎರಡಕ್ಕೂ ಒಂದೇ ನಿಯಮ. ಅಂತ್ಯಕ್ರಿಯೆಯ ಖರ್ಚು, ಸಾಲ, ಆಮೇಲೆ ವಸೀಯತ್ (ಉಯಿಲು) ಇದ್ದರೆ ಅದು, ಇಷ್ಟು ಕಳೆದು ಉಳಿದದ್ದು ಪಾಲಾಗಬೇಕು. ಅಮ್ಮನಿಗೆ ಕೊಡದೆ ಉಳಿದ ಮಹರ್ (ಮದುವೆಯಲ್ಲಿ ಗಂಡ ಕೊಡಲು ಒಪ್ಪಿದ ಹಣ) ಕೂಡ ಸಾಲವೇ. ಇದನ್ನು ಯಾರೂ ನೆನಪಿಸುವುದಿಲ್ಲ, ನೀವೇ ನೆನಪಿಸಿ.

ಒಂದು ಉದಾಹರಣೆ. 8 ಎಕರೆ ಹೊಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಮಕ್ಕಳಿರುವುದರಿಂದ ಹೆಂಡತಿಗೆ ಎಂಟರಲ್ಲೊಂದು, ಅಂದರೆ 1 ಎಕರೆ. ಉಳಿದ 7 ಎಕರೆಯಲ್ಲಿ ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. ಗಂಡುಮಕ್ಕಳಿಗೆ ತಲಾ 2 ಎಕರೆ, ಹೆಣ್ಣುಮಕ್ಕಳಿಗೆ ತಲಾ 1 ಎಕರೆ. ಸತ್ತವರ ತಾಯಿಯೋ ತಂದೆಯೋ ಬದುಕಿದ್ದರೆ ಅವರಿಗೂ ಆರರಲ್ಲೊಂದು ಇದೆ, ಆಗ ಲೆಕ್ಕ ಬದಲಾಗುತ್ತದೆ. ಇದು ಸುನ್ನಿಗಳ ಲೆಕ್ಕ, ಶಿಯಾಗಳಲ್ಲಿ ಕೆಲವು ಕಡೆ ಬೇರೆ.

ಪಾಲಾಗುವ ಮೊದಲೇ ಒಬ್ಬಳು ಮಗಳು ತೀರಿಕೊಂಡರೆ? ಅವಳ 1 ಎಕರೆ ಅಣ್ಣಂದಿರಿಗೆ ವಾಪಸ್ ಹೋಗುವುದಿಲ್ಲ. ಅವಳಿಗೆ ಮಕ್ಕಳಿದ್ದರೆ ಗಂಡನಿಗೆ ನಾಲ್ಕರಲ್ಲೊಂದು, 10 ಗುಂಟೆ. ಉಳಿದದ್ದರಲ್ಲಿ ಬಹುಪಾಲು ಮಕ್ಕಳಿಗೆ, ತಾಯಿ ಇದ್ದರೆ ತಾಯಿಗೂ ಸ್ವಲ್ಪ. ಅಜ್ಜನ ಹೆಸರಲ್ಲೇ ಪಹಣಿ ಉಳಿದಿರುವ ಮನೆಗಳಲ್ಲಿ ಹೀಗೆ ಒಂದೊಂದೇ ಸಾವನ್ನು ದಿನಾಂಕದ ಪ್ರಕಾರ ಬಿಡಿಸುತ್ತಾ ಬರಬೇಕು, ಅದಕ್ಕೇ ಮೂರು ತಲೆಮಾರು ಎಳೆದರೆ 40 ಜನ ವಾರಸುದಾರರು ಆಗಿಬಿಡುತ್ತಾರೆ. ಕಷ್ಟದ ಇನ್ನೊಂದು ಮಾತು: ಅಪ್ಪನಿಗಿಂತ ಮೊದಲೇ ಸತ್ತ ಮಗನ ಮಕ್ಕಳಿಗೆ, ಇನ್ನೊಬ್ಬ ಮಗ ಬದುಕಿದ್ದರೆ, ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ಅಂಥವರಿಗೆ ಅಜ್ಜ ಬದುಕಿರುವಾಗಲೇ ಹಿಬಾ (ದಾನ) ಮಾಡಬೇಕು, ಇಲ್ಲ ಆಸ್ತಿಯ ಮೂರರಲ್ಲೊಂದರೊಳಗೆ ವಸೀಯತ್ ಬರೆಯಬೇಕು.

'1937ರ ಶರೀಯತ್ ಕಾಯ್ದೆಯಲ್ಲಿ ಕೃಷಿ ಜಮೀನು ಬಿಟ್ಟಿದ್ದಾರಲ್ಲ, ಹೆಣ್ಣಿಗೆಲ್ಲಿ ಪಾಲು' ಅಂತ ಯಾರಾದರೂ ವಾದ ತೆಗೆಯಬಹುದು. ಬಿಟ್ಟಿದ್ದು ನಿಜ. ಉತ್ತರ ಪ್ರದೇಶದಲ್ಲಿ ಹೊಲ ಯಾರಿಗೆ ಹೋಗಬೇಕು ಅಂತ ಅಲ್ಲಿನ ಕಂದಾಯ ಕಾನೂನೇ ಹೇಳುತ್ತದೆ. ನಮ್ಮ ಕರ್ನಾಟಕದಲ್ಲಿ ಹಾಗಿಲ್ಲ, ಇಲ್ಲಿನ ಕೋರ್ಟುಗಳು ಹೊಲವನ್ನೂ ಮುಸ್ಲಿಂ ಕಾನೂನಿನ ಪಾಲಿನಂತೆಯೇ ಹಂಚುತ್ತವೆ. ಮದುವೆಗೆ ಖರ್ಚು ಮಾಡಿದ್ದೇವೆ ಅನ್ನೋದೂ ವಾದ ಅಲ್ಲ. ಅಬ್ಬಾ ಇದ್ದಾಗಲೇ 'ನನಗೆ ಪಾಲು ಬೇಡ' ಅಂತ ಬರೆಸಿಕೊಂಡ ಕಾಗದವೂ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆಗಿನ್ನೂ ಬಿಡಲು ಹಕ್ಕೇ ಇರಲಿಲ್ಲ ಅಲ್ವಾ? ಆದರೆ ಅದಕ್ಕೆ ಪ್ರತಿಯಾಗಿ ದುಡ್ಡು ತಗೊಂಡಿದ್ದರೆ ಮಾತು ಬೇರೆ.

ಈಗ ಕಾಗದದ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಬೇಕು. ಮೋಸ ಆಗೋದು ವಂಶವೃಕ್ಷದಲ್ಲಿ. ಮದುವೆಯಾಗಿ ಹೋದವರನ್ನು ಬಿಟ್ಟು ಬರೆಸಿಬಿಡುತ್ತಾರೆ, ಮಹಜರಿಗೆ ಊರಿನ ನಾಲ್ಕು ಜನ ಸಹಿಯನ್ನೂ ಹಾಕುತ್ತಾರೆ. ಹಾಗಾಗಿ ಅದನ್ನು ಮಾಡಿಸುವಾಗಲೇ ಎಲ್ಲರೂ ಹಾಜರಿರಿ. ಅರ್ಜಿ ಬಿದ್ದ ಮೇಲೆ ತಕರಾರಿಗೆ ನೋಟಿಸ್ ಇರುತ್ತದೆ, ಅದರಲ್ಲಿ ಹೇಳಿದ ದಿನದೊಳಗೆ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆ ಆಗೇ ಹೋಗಿದ್ದರೆ ಉಪವಿಭಾಗಾಧಿಕಾರಿ ಹತ್ತಿರ ಮೇಲ್ಮನವಿ, ಭೂಕಂದಾಯ ಕಾಯ್ದೆಯ 136(2)ರ ಕೆಳಗೆ. ಅಲ್ಲೂ ಹಕ್ಕಿನ ಪ್ರಶ್ನೆ ಬಂದರೆ 'ಸಿವಿಲ್ ಕೋರ್ಟಿಗೆ ಹೋಗಿ' ಅನ್ನುತ್ತಾರೆ.

ಸಹಿ ಕೇಳಿಕೊಂಡು ಬಂದರೆ ಓದದೆ ಹಾಕಬೇಡಿ. 'ಬ್ಯಾಂಕ್ ಸಾಲಕ್ಕೆ' ಅಂತ ಹೇಳಿ ತಂದ ಕಾಗದ ಹಕ್ಕು ಬಿಡುಗಡೆ ಪತ್ರ ಆಗಿರಬಹುದು. ಅಪ್ರಾಪ್ತ ಮಕ್ಕಳ ಪಾಲನ್ನು ತಾಯಿಯೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಣ್ಣ ಪೂರ್ತಿ ಹೊಲ ಮಾರಿದರೂ ಕೊಂಡವರಿಗೆ ಹೋಗೋದು ಅವನ ಪಾಲಷ್ಟೇ.

ಮಾತುಕತೆಯಲ್ಲಿ ಮುಗಿದರೆ ಬಹಳ ಒಳ್ಳೆಯದು, ವಿಭಾಗ ಪತ್ರ ಮಾಡಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಮುಗಿಯದಿದ್ದರೆ ಪಾಲು ವಿಭಾಗದ ದಾವೆ, ಜೊತೆಗೆ ಜಮೀನು ಮಾರದಂತೆ ತಡೆಯಾಜ್ಞೆಗೆ ಅರ್ಜಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ತುಂಬಾ ವರ್ಷ ತಡ ಮಾಡಬೇಡಿ. ಅಣ್ಣ 'ನಿನಗೆ ಪಾಲೇ ಇಲ್ಲ' ಅಂತ ಬಹಿರಂಗವಾಗಿ ಹೇಳಿ 12 ವರ್ಷ ಒಬ್ಬನೇ ಅನುಭವಿಸಿದರೆ ಅದನ್ನೇ ತನ್ನ ರಕ್ಷಣೆಗೆ ಎತ್ತುತ್ತಾನೆ.

ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಬಂತು ಅಂತ ಸಿಹಿ ಹಂಚಬೇಡಿ. ಮೊದಲು ಬರುವುದು ಪಾಲು ಎಷ್ಟು ಅನ್ನೋ ಪ್ರಾಥಮಿಕ ಡಿಕ್ರಿ ಮಾತ್ರ, ಹೊಲದಲ್ಲಿ ಯಾವ ಕಡೆ ಯಾರದು ಅನ್ನೋದು ಅಳತೆಯಾದ ಮೇಲೆ. ಆ ದಿನ ಖುದ್ದಾಗಿ ಹೋಗಿ ನಿಲ್ಲಿ. ಬೋರ್‌ವೆಲ್ ಯಾರ ಪಾಲಿಗೆ, ಹಿಂದಿನ ತುಂಡಿಗೆ ಗಾಡಿ ಹೋಗುವ ದಾರಿ ಎಲ್ಲಿಂದ, ಎರಡನ್ನೂ ನಕ್ಷೆಯಲ್ಲಿ ಬರೆಸಿಕೊಂಡೇ ಸಹಿ ಹಾಕಿ.