ನಿಮ್ಮ ಮುಖ, ಅವರ ಜಾಹೀರಾತು: ಕೇಳದೆ ಫೋಟೊ ಬಳಸಿದರೆ ಮಾಡುವುದೇನು?

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಕೆಳಗೆ ಒಂದೇ ಸಾಲು: ‘ಇದು ನೀನೇ ಅಲ್ವಾ?’ ಹೌದು, ನಾನೇ. ಮೂರು ವಾರ ಹೋಗಿ ಬಂದಿದ್ದ ಒಂದು ತರಬೇತಿ ಸಂಸ್ಥೆಯ ಜಾಹೀರಾತು ಅದು. ನಗುತ್ತಿರುವ ನನ್ನ ಮುಖ, ಪಕ್ಕದಲ್ಲಿ ‘ಇಲ್ಲಿಗೆ ಬಂದ ಮೇಲೆ ನನ್ನ ಬದುಕೇ ಬದಲಾಯಿತು’ ಎಂಬ ಮಾತು. ಆ ಮಾತನ್ನು ನಾನು ಯಾವತ್ತೂ ಹೇಳಿರಲಿಲ್ಲ. ಸಿಟ್ಟಿನಲ್ಲಿ ಫೋನ್ ಮಾಡಿದೆ. ಅವರು ತಣ್ಣಗೆ ನನ್ನದೇ ಸೇರ್ಪಡೆ ಅರ್ಜಿಯ ಪ್ರತಿ ಕಳಿಸಿದರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ತರಗತಿಯ ಫೋಟೊಗಳನ್ನು ಪ್ರಚಾರಕ್ಕೆ ಬಳಸಲು ನನ್ನ ಒಪ್ಪಿಗೆ ಇದೆ’ ಎಂದಿತ್ತು. ಅದರ ಕೆಳಗೆ ನನ್ನ ಸಹಿ.

ಮುಖ ನಿಮ್ಮದೇ ಆದರೂ ಜಗಳ ನಡೆಯುವುದು ಕಾಗದದ ಮೇಲೆ ಅಂತ ಗೊತ್ತಾದದ್ದು ಆವತ್ತು. ಯಾರಿಗೆ, ಯಾವುದಕ್ಕೆ, ಎಷ್ಟು ದಿನಕ್ಕೆ ಒಪ್ಪಿಗೆ ಕೊಟ್ಟಿರಿ? ಇದಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ನನ್ನ ಕಥೆ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಈ ಜಗಳ ಹೊಸದೇನಲ್ಲ. ಸುಮಾರು 1900ರಲ್ಲಿ ನ್ಯೂಯಾರ್ಕ್ ರಾಜ್ಯದ ಹದಿಹರೆಯದ ಹುಡುಗಿಯೊಬ್ಬಳ ಚಿತ್ರವನ್ನು ಒಂದು ಹಿಟ್ಟಿನ ಕಂಪನಿ ಜಾಹೀರಾತಿಗೆ ಹಾಕಿಕೊಂಡಿತು. ಸುಮಾರು 25,000 ಪ್ರತಿಗಳು ಅಂಗಡಿ, ಗೋದಾಮು, ಸಾರಾಯಿ ಕೇಂದ್ರಗಳ ಗೋಡೆ ಹತ್ತಿದವು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. 1902ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಇಂಥ ಹಕ್ಕು ಕಾನೂನಿನಲ್ಲೇ ಇಲ್ಲ ಎಂದಿತು. ನಾಲ್ವರು ನ್ಯಾಯಮೂರ್ತಿಗಳು ಆ ಕಡೆ, ಮೂವರು ಈ ಕಡೆ. ಜನ ರೊಚ್ಚಿಗೆದ್ದರು. ಮರುವರ್ಷವೇ ರಾಜ್ಯ ಹೊಸ ಕಾನೂನು ತಂದಿತು: ಜಾಹೀರಾತಿಗೋ ವ್ಯಾಪಾರಕ್ಕೋ ಒಬ್ಬರ ಹೆಸರು, ಚಿತ್ರ ಬಳಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಆ ಕಾನೂನು ಇಂದಿಗೂ ಇದೆ.

ಈಗ ಕೆಲಸಕ್ಕೆ ಬರೋಣ.

ಹಂತ 1: ಕೂಗಾಡುವ ಮೊದಲು ಸಾಕ್ಷಿ ಹಿಡಿದಿಡಿ

ಮೊದಲ ಕಮೆಂಟನ್ನೇ ಬೈಗುಳದಿಂದ ಶುರುಮಾಡಿದರೆ ಜಾಹೀರಾತು ಹತ್ತು ನಿಮಿಷದಲ್ಲಿ ಮಾಯವಾಗುತ್ತದೆ. ಆಮೇಲೆ ತೋರಿಸಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಮೊದಲು ಸ್ಕ್ರೀನ್‌ಶಾಟ್. ಅದರಲ್ಲಿ ಪುಟದ ವಿಳಾಸ, ಖಾತೆಯ ಹೆಸರು, ದಿನಾಂಕ ಕಾಣಬೇಕು. ವಿಡಿಯೊ ಆದರೆ ಪರದೆಯನ್ನೇ ರೆಕಾರ್ಡ್ ಮಾಡಿ. ಗೋಡೆಯ ಮೇಲಿನ ಫಲಕವಾದರೆ ಹತ್ತಿರದಿಂದ ಒಂದು ಫೋಟೊ, ಸುತ್ತಲಿನ ಜಾಗ ಕಾಣುವಂತೆ ದೂರದಿಂದ ಇನ್ನೊಂದು. ಪೊಟ್ಟಣದ ಮೇಲೆ ಇದ್ದರೆ ಆ ವಸ್ತುವನ್ನೇ ಕೊಂಡು ರಸೀದಿ ಇಟ್ಟುಕೊಳ್ಳಿ. ನೀವು ಅದನ್ನು ಮೊದಲು ನೋಡಿದ್ದು ಯಾವಾಗ ಎಂದು ಬರೆದಿಡಿ. ಈ ತಾರೀಕು ಎಷ್ಟು ಮುಖ್ಯ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಹಂತ 2: ಇದು ವ್ಯಾಪಾರದ ಬಳಕೆಯೇ ಅಂತ ನೋಡಿ

ಫೋಟೊ ಕಂಡ ಕಡೆಯೆಲ್ಲ ಹಕ್ಕು ಹುಟ್ಟುವುದಿಲ್ಲ. ಮೆರವಣಿಗೆಯ ಸುದ್ದಿಚಿತ್ರದಲ್ಲಿ ನಿಮ್ಮ ಮುಖ ಕಂಡರೆ ಸಾಮಾನ್ಯವಾಗಿ ಏನೂ ಮಾಡಲಾಗದು. ಸುದ್ದಿ, ವಿಮರ್ಶೆ, ವಿಡಂಬನೆ, ಕಲೆ ಇವಕ್ಕೆ ಬಹುತೇಕ ದೇಶಗಳಲ್ಲಿ ವಿನಾಯಿತಿ ಇದೆ. ಜರ್ಮನಿಯ 1907ರ ಕಾಯ್ದೆ ಇದನ್ನು ಬಿಡಿಸಿಯೇ ಹೇಳಿದೆ: ಸಭೆ, ಮೆರವಣಿಗೆಗಳ ಚಿತ್ರ, ದೃಶ್ಯದ ಮೂಲೆಯಲ್ಲಿ ಸುಮ್ನೆ ಬಂದುಹೋದ ಜನ, ಇದಕ್ಕೆ ಒಪ್ಪಿಗೆ ಬೇಡ. ಅಂದಹಾಗೆ ಆ ಕಾಯ್ದೆ ಹುಟ್ಟಲು ಕಾರಣವಾದ ಘಟನೆ ಕೊಂಚ ಭಯಾನಕ. 1898ರಲ್ಲಿ ಜರ್ಮನಿಯ ಸರ್ಕಾರ ನಡೆಸಿದ್ದ ಮಾಜಿ ಚಾನ್ಸೆಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಕೋಣೆಗೆ ನುಗ್ಗಿ ಶವದ ಫೋಟೊ ತೆಗೆದಿದ್ದರು.

ಅದೇ ಮೆರವಣಿಗೆಯ ಫೋಟೊದಿಂದ ನಿಮ್ಮ ಮುಖವನ್ನಷ್ಟೇ ಕತ್ತರಿಸಿ ಒಂದು ಸೋಪಿನ ಪಕ್ಕ ಅಂಟಿಸಿದರೆ ಲೆಕ್ಕ ಬದಲಾಗುತ್ತದೆ. ‘ಇವರು ಈ ವಸ್ತುವಿನ ಪರ ನಿಂತಿದ್ದಾರೆ’ ಎಂದು ನೋಡಿದವರಿಗೆ ಅನಿಸುತ್ತದೆಯೇ? ಅನಿಸಿದರೆ ನಿಮ್ಮ ದೂರಿಗೆ ಬಲ ಇದೆ.

ಮುಖವೇ ಇರಬೇಕೆಂದೂ ಇಲ್ಲ. ಅಮೆರಿಕದಲ್ಲಿ ಸ್ಯಾಮ್ಸಂಗ್ ಒಂದು ಜಾಹೀರಾತು ಮಾಡಿತ್ತು. ಅದರಲ್ಲಿ ಇದ್ದದ್ದು ಒಂದು ರೋಬೋಟ್: ತಲೆಗೆ ಕೂದಲಿನ ಟೋಪನ್, ಮೈಗೆ ಗೌನು, ಪಕ್ಕದಲ್ಲಿ ಟಿವಿ ಆಟದ ಫಲಕ. ಆ ಆಟದ ಸಹನಿರೂಪಕಿ ವಾನಾ ವೈಟ್ ದಾವೆ ಹೂಡಿದರು. ಹೆಸರಿಲ್ಲ, ಮುಖವಿಲ್ಲ, ಆದರೂ ನೋಡಿದವರಿಗೆಲ್ಲ ಅದು ಅವರೇ ಎಂದು ಗೊತ್ತಾಗುತ್ತಿತ್ತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಕೊನೆಗೆ ಸಿಕ್ಕ ಪರಿಹಾರ 4,03,000 ಡಾಲರ್. ಅದಕ್ಕೂ ಮೊದಲು, 1988ರಲ್ಲಿ, ಗಾಯಕಿ ಬೆಟ್ ಮಿಡ್ಲರ್ ಫೋರ್ಡ್ ಕಾರಿನ ಜಾಹೀರಾತಿನ ಪ್ರಕರಣದಲ್ಲಿ ಮೇಲ್ಮನವಿ ಗೆದ್ದಿದ್ದರು. ಅವರು ಜಾಹೀರಾತಿಗೆ ಹಾಡಲು ಒಪ್ಪಿರಲಿಲ್ಲ. ಜಾಹೀರಾತಿನವರು ಅವರದೇ ದನಿಯ ಹಾಗೆ ಇನ್ನೊಬ್ಬರಿಂದ ಹಾಡಿಸಿದ್ದರು. ಈಗ ಇದೇ ಕೆಲಸವನ್ನು ಎಐ ಕ್ಷಣದಲ್ಲಿ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಅಮೆರಿಕದ ಟೆನೆಸಿ ರಾಜ್ಯ 2024ರಲ್ಲಿ ದನಿಯನ್ನೂ ಕಾನೂನಿನ ರಕ್ಷಣೆಯೊಳಗೆ ತಂದಿತು. ಚೀನಾದಲ್ಲಿ 2021ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆ, ತಂತ್ರಜ್ಞಾನ ಬಳಸಿ ಇನ್ನೊಬ್ಬರ ರೂಪವನ್ನು ನಕಲಿ ಮಾಡಿ ಅವರ ಹಕ್ಕಿಗೆ ಧಕ್ಕೆ ತರುವುದನ್ನು ನೇರವಾಗಿ ನಿಷೇಧಿಸಿದೆ.

ಹಂತ 3: ನೀವು ಹಾಕಿದ ಸಹಿಗಳನ್ನು ಹುಡುಕಿ

ನನ್ನ ಪ್ರಕಾರ ಜಾಸ್ತಿ ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಬಹಳ ಜನ ಇದನ್ನು ಹಾರಿಸಿ ಸೀದಾ ವಕೀಲರ ಹತ್ತಿರ ಓಡುತ್ತಾರೆ. ಅಲ್ಲಿ ಎದುರು ಪಕ್ಷದವರು ಅರ್ಜಿ ತೆಗೆದು ಮೇಜಿನ ಮೇಲಿಟ್ಟಾಗ ಮುಖ ಸಣ್ಣದಾಗುತ್ತದೆ.

ಸೇರ್ಪಡೆ ಅರ್ಜಿ, ಸ್ಪರ್ಧೆಯ ನಿಯಮ, ಉದ್ಯೋಗದ ಕರಾರು, ಕಾರ್ಯಕ್ರಮದ ಟಿಕೆಟ್, ಆ್ಯಪ್‌ನ ಷರತ್ತು, ಎಲ್ಲ ತೆಗೆಯಿರಿ. ಸೋಷಿಯಲ್ ಮೀಡಿಯಾದ ಷರತ್ತುಗಳೇನು ಕಮ್ಮಿ ಇಲ್ಲ. ಬಳಕೆದಾರರು ಒಂದು ಪುಟಕ್ಕೆ ‘ಲೈಕ್’ ಒತ್ತಿದ್ದನ್ನೇ ಜಾಹೀರಾತು ಮಾಡಿ, ಅವರ ಹೆಸರು, ಫೋಟೊ ಸಮೇತ ಫೇಸ್‌ಬುಕ್ ಅವರ ಗೆಳೆಯರಿಗೆ ತೋರಿಸುತ್ತಿತ್ತು. ಅಮೆರಿಕದಲ್ಲಿ ಕೇಸು ಬಿತ್ತು. 2013ರಲ್ಲಿ 2 ಕೋಟಿ ಡಾಲರ್ ರಾಜಿಗೆ ನ್ಯಾಯಾಲಯ ಒಪ್ಪಿತು. ಹಕ್ಕು ಕೇಳಿದ ಒಬ್ಬೊಬ್ಬರ ಪಾಲಿಗೆ ಬಂದದ್ದು ಸುಮಾರು 15 ಡಾಲರ್!

ಒಪ್ಪಿಗೆ ಸಿಕ್ಕಿತು ಅನ್ನಿ. ಅಲ್ಲಿಗೆ ಆಟ ಮುಗಿಯಲಿಲ್ಲ. ಅದರ ಅಂಚು ಎಲ್ಲಿದೆ ನೋಡಿ. ಒಂದು ದೇಶಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದು ದೇಶಕ್ಕೆ ಆಗಲಿಕ್ಕಿಲ್ಲ. ಒಂದು ವರ್ಷದ ಒಪ್ಪಿಗೆ ಎರಡನೇ ವರ್ಷಕ್ಕೆ ಆಗದು. ಫೋಟೊ ಬಳಸಿ ಎಂದರೆ ನನ್ನ ಬಾಯಲ್ಲಿ ನಿಮ್ಮ ಮಾತು ತುರುಕಿ ಎಂದು ಅರ್ಥವಲ್ಲ. ನನ್ನ ಪ್ರಕರಣದಲ್ಲಿ ಕೈಹಿಡಿದದ್ದು ಇದೇ. ‘ಫೋಟೊಗೆ ಸಹಿ ಹಾಕಿದ್ದೇನೆ, ಹೇಳಿಕೆಗೆ ಅಲ್ಲ’ ಎಂದು ಬರೆದೆ. ಆ ಸಾಲು ಅದೇ ವಾರ ಹೋಯಿತು. ಫೋಟೊ ಮಾತ್ರ ಮುಂದಿನ ತಂಡ ಬರುವ ತನಕ ನಗುತ್ತಲೇ ಇತ್ತು.

ಒಪ್ಪಂದದ ಮಾತು ಅಸ್ಪಷ್ಟವಾಗಿದ್ದರೆ? ಚೀನಾದ ಸಂಹಿತೆಯ ಪ್ರಕಾರ ಅದನ್ನು ಚಿತ್ರದಲ್ಲಿರುವವರ ಪರವಾಗಿ ಓದಬೇಕು. ಜರ್ಮನಿಯಲ್ಲಿ ಚಿತ್ರ ತೆಗೆಸಿಕೊಳ್ಳಲು ನೀವು ದುಡ್ಡು ಪಡೆದಿದ್ದರೆ, ಅನುಮಾನವಿದ್ದ ಕಡೆ ಒಪ್ಪಿಗೆ ಕೊಟ್ಟಿದ್ದೀರಿ ಅಂತಲೇ ಲೆಕ್ಕ. ಅಂದರೆ ಎಷ್ಟು ಚಿಕ್ಕ ಮೊತ್ತವಾದರೂ ಯಾವುದಕ್ಕೆ ಅಂತ ಬರೆಸದೆ ತೆಗೆದುಕೊಳ್ಳಬಾರದು.

ಹಂತ 4: ಫೋಟೊ ಯಾರದು, ಮುಖ ಯಾರದು?

ಎಲ್ಲರೂ ಗೊಂದಲ ಮಾಡಿಕೊಳ್ಳುವ ಜಾಗ ಇದು. ಒಂದು ಫೋಟೊದಲ್ಲಿ ಎರಡು ಬೇರೆ ಹಕ್ಕುಗಳಿವೆ. ಚಿತ್ರದ ಕಾಪಿರೈಟ್ ಸಾಮಾನ್ಯವಾಗಿ ಕ್ಯಾಮೆರಾ ಹಿಡಿದವರದು. ಅದರಲ್ಲಿರುವ ಮುಖದ ಹಕ್ಕು ಮುಖದವರದು. ‘ಛಾಯಾಗ್ರಾಹಕರಿಗೆ ದುಡ್ಡು ಕೊಟ್ಟಿದ್ದೇವೆ’ ಎನ್ನುವ ಕಂಪನಿ ಅರ್ಧ ಬಾಕಿ ಮಾತ್ರ ತೀರಿಸಿದೆ.

2007ರಲ್ಲಿ ವರ್ಜಿನ್ ಮೊಬೈಲ್ ಎಂಬ ಫೋನ್ ಕಂಪನಿ ಆಸ್ಟ್ರೇಲಿಯಾದಲ್ಲಿ ಒಂದು ಜಾಹೀರಾತು ಹಾಕಿತು. ಫೋಟೊ ಸಿಕ್ಕಿದ್ದು ಫ್ಲಿಕರ್ ಎಂಬ ಫೋಟೊ ಹಂಚಿಕೊಳ್ಳುವ ಜಾಲತಾಣದಲ್ಲಿ. ತೆಗೆದವರು ಅದನ್ನು ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಂಚಿಕೊಂಡಿದ್ದರು. ಆದರೆ ಅದರಲ್ಲಿದ್ದದ್ದು ಅಮೆರಿಕದ ಟೆಕ್ಸಾಸ್‌ನ ಒಬ್ಬ ಶಾಲಾ ಹುಡುಗಿ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳ ಮನೆಯವರು ಟೆಕ್ಸಾಸ್‌ನಲ್ಲಿ ದಾವೆ ಹೂಡಿದರು. ಆಸ್ಟ್ರೇಲಿಯಾದ ಕಂಪನಿ ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಲ್ಲಿನ ನ್ಯಾಯಾಲಯ ಅದನ್ನು ಕೈಬಿಟ್ಟಿತು. ಪಾಠ ಎರಡು: ಫೋಟೊದ ಪರವಾನಗಿ ಮುಖದ ಪರವಾನಗಿ ಅಲ್ಲ. ಮತ್ತೆ, ಗಡಿ ದಾಟಿದ ಜಾಹೀರಾತನ್ನು ಹಿಡಿಯುವುದು ಸುಲಭವಲ್ಲ.

ಈ ಎರಡು ಹಕ್ಕುಗಳ ಭೇದ ನಿಮಗೂ ಉಪಯೋಗಕ್ಕೆ ಬರುತ್ತದೆ. ಕದ್ದದ್ದು ನಿಮ್ಮದೇ ಸೆಲ್ಫಿ ಆದರೆ ಕಾಪಿರೈಟೂ ನಿಮ್ಮದೇ. ಜಾಲತಾಣಗಳು ಮುಖದ ದೂರಿಗಿಂತ ಕಾಪಿರೈಟ್ ದೂರಿಗೆ ಬೇಗ ಓಗೊಡುತ್ತವೆ. ಮೂಗು ಹಿಡಿದರೆ ಬಾಯಿ ತೆರೆಯುತ್ತದಲ್ಲ, ಹಾಗೆ. ಬೇರೆಯವರು ತೆಗೆದ ಫೋಟೊ ಆದರೆ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಭಾರತದ ಕಾಪಿರೈಟ್ ಕಾಯ್ದೆಯಲ್ಲಿ ಇನ್ನೊಂದು ಅನುಕೂಲವಿದೆ: ನೀವೇ ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ನೀವೇ.

ಹಂತ 5: ನಿಮ್ಮ ಕಾನೂನಿನ ದಾರಿ ಯಾವುದು ತಿಳಿಯಿರಿ

ಇಡೀ ಜಗತ್ತಿಗೆ ಒಂದೇ ಕಾನೂನು ಇಲ್ಲ. ಕೆಲವು ಕಡೆ ನೇರ ಕಾಯ್ದೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ನಷ್ಟವನ್ನು ಸಾಬೀತು ಮಾಡಲಾಗದಿದ್ದರೂ ಕನಿಷ್ಠ 750 ಡಾಲರ್ ಕೇಳಬಹುದು.

ಇಂಗ್ಲೆಂಡಿನಲ್ಲಿ ‘ಮುಖದ ಹಕ್ಕು’ ಅಂತ ಪ್ರತ್ಯೇಕವಾಗಿ ಇಲ್ಲ. ಅಲ್ಲಿ ಸುತ್ತು ಬಳಸಿ ಹೋಗಬೇಕು: ಗ್ರಾಹಕರನ್ನು ದಾರಿತಪ್ಪಿಸಿ ನನ್ನ ಹೆಸರಿನ ಬಲದಲ್ಲಿ ವ್ಯಾಪಾರ ಮಾಡಿದ್ದೀರಿ ಎಂದು ವಾದಿಸಬೇಕು. ರೇಸ್ ಚಾಲಕ ಎಡ್ಡಿ ಇರ್ವೈನ್ ಮೊಬೈಲ್ ಹಿಡಿದಿದ್ದ ಫೋಟೊವನ್ನು ಒಂದು ರೇಡಿಯೊ ವಾಹಿನಿ ತಿದ್ದಿ, ಕೈಗೆ ರೇಡಿಯೊ ಕೊಟ್ಟಿತ್ತು. ಅವರು 2002ರಲ್ಲಿ ಗೆದ್ದರು. ಮರುವರ್ಷ ಮೇಲ್ಮನವಿಯಲ್ಲಿ ಪರಿಹಾರ 25,000 ಪೌಂಡ್‌ಗೆ ಏರಿತು. ಲೆಕ್ಕ ಸರಳ: ಕೇಳಿ ಬಳಸಿದ್ದರೆ ಎಷ್ಟು ಕೊಡಬೇಕಿತ್ತೋ ಅಷ್ಟು. ಈ ದಾರಿಯಲ್ಲಿ ಹೆಸರು ಮಾಡಿದವರಿಗೆ ಅನುಕೂಲ ಜಾಸ್ತಿ. ಸಾಮಾನ್ಯರು ಖಾಸಗಿತನ, ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನುಗಳ ಕಡೆ ನೋಡುವುದು ಒಳ್ಳೆಯದು.

ಭಾರತದಲ್ಲೂ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಹಕ್ಕು ಬೆಳೆದದ್ದು ತೀರ್ಪುಗಳಿಂದ. ಒಬ್ಬರ ಹೆಸರು, ರೂಪವನ್ನು ಒಪ್ಪಿಗೆಯಿಲ್ಲದೆ ಜಾಹೀರಾತಿಗೆ ಬಳಸುವುದು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ, ರಾಜಗೋಪಾಲ್ ಪ್ರಕರಣದಲ್ಲಿ ಹೇಳಿತ್ತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಾಯಿತು. 2022ರಲ್ಲಿ ಅಮಿತಾಭ್ ಬಚ್ಚನ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಯಾರೆಂದೇ ಗೊತ್ತಿಲ್ಲದ ದುರ್ಬಳಕೆದಾರರಿಗೂ ಅನ್ವಯಿಸುವ ತಡೆಯಾಜ್ಞೆ ಕೊಟ್ಟಿತು.

ಸತ್ತ ಮೇಲೆ ಈ ಹಕ್ಕು ಎಷ್ಟು ವರ್ಷ ಉಳಿಯುತ್ತದೆ ಎನ್ನುವುದಕ್ಕೂ ಒಂದೊಂದು ಕಡೆ ಒಂದೊಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ 70 ವರ್ಷ, ಜರ್ಮನಿಯ ಕಾಯ್ದೆಯಲ್ಲಿ 10 ವರ್ಷ.

ಹಂತ 6: ದೂರು, ಆಮೇಲೆ ಪತ್ರ

ಆನ್‌ಲೈನ್ ಆದರೆ ಮೊದಲು ಜಾಲತಾಣಕ್ಕೇ ದೂರು ಕೊಡಿ. ಆಮೇಲೆ ಕಂಪನಿಗೆ ಪತ್ರ. ಅದರಲ್ಲಿ ಕಣ್ಣೀರು, ಬೈಗುಳ ಬೇಡ. ಇಷ್ಟಿದ್ದರೆ ಸಾಕು:

‘ಇಂಥ ದಿನಾಂಕದಂದು ಇಂಥ ಜಾಗದಲ್ಲಿ ನಿಮ್ಮ ಜಾಹೀರಾತಿನಲ್ಲಿ ನನ್ನ ಫೋಟೊ ನೋಡಿದೆ. ಪ್ರತಿ ಲಗತ್ತಿಸಿದ್ದೇನೆ. ಇದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ಕೊಟ್ಟಿದ್ದೇನೆ ಎಂದು ನಿಮ್ಮ ಎಣಿಕೆಯಾದರೆ ಆ ದಾಖಲೆ ಕಳಿಸಿ. ಏಳು ದಿನಗಳ ಒಳಗೆ ಎಲ್ಲ ಕಡೆಯಿಂದ ತೆಗೆದುಹಾಕಿ. ಯಾವಾಗಿನಿಂದ, ಎಲ್ಲೆಲ್ಲಿ ಬಳಸಿದ್ದೀರಿ ತಿಳಿಸಿ. ಬಳಸಿದ್ದಕ್ಕೆ ತಕ್ಕ ಸಂಭಾವನೆ ಕೊಡಿ.’

ಬಹಳಷ್ಟು ಜಗಳ ಇಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ವಕೀಲರ ಮೂಲಕ ಲೀಗಲ್ ನೋಟಿಸ್.

ಹಂತ 7: ಕೋರ್ಟಿಗೆ ಹೋಗುವುದಾದರೆ ಕ್ಯಾಲೆಂಡರ್ ನೋಡಿ

ಕೋರ್ಟಿನಲ್ಲಿ ಮುಖ್ಯವಾಗಿ ಎರಡು ಕೇಳಬಹುದು: ತಡೆಯಾಜ್ಞೆ, ಪರಿಹಾರ. ಹೆಸರಿಲ್ಲದ ನಮ್ಮಂಥವರಿಗೆ ಪರಿಹಾರದ ಮೊತ್ತ ದೊಡ್ಡದಿರುವುದಿಲ್ಲ, ಯಾಕೆಂದರೆ ನಮ್ಮ ಮುಖಕ್ಕೆ ಮಾರುಕಟ್ಟೆ ದರ ಕಮ್ಮಿ. ಬೇಗ ತೆಗೆಸುವುದೇ ನಿಜವಾದ ಲಾಭ.

ಅವಧಿ ಬಹಳ ಮುಖ್ಯ. ನ್ಯೂಯಾರ್ಕಿನಲ್ಲಿ ದಾವೆಗೆ ಇರುವುದು ಒಂದೇ ವರ್ಷ, ಕ್ಯಾಲಿಫೋರ್ನಿಯಾದಲ್ಲಿ ಎರಡು. ಅಲ್ಲಿನ ಒಬ್ಬ ರೂಪದರ್ಶಿ 1986ರಲ್ಲಿ 250 ಡಾಲರ್‌ಗೆ ಕಾಫಿ ಕಪ್ ಹಿಡಿದು ಫೋಟೊ ತೆಗೆಸಿಕೊಂಡಿದ್ದರು. 2002ರಲ್ಲಿ ಅಂಗಡಿಯ ಕಪಾಟಿನಲ್ಲಿದ್ದ ನೆಸ್ಲೆ ಕಾಫಿ ಡಬ್ಬಿಯಿಂದ ಅವರದೇ ಮುಖ ಅವರನ್ನು ನೋಡಿತು. ವರ್ಷಗಟ್ಟಲೆ ಅದು ಮಾರಾಟವಾಗುತ್ತಿತ್ತು, ಅವರಿಗೆ ಗೊತ್ತೇ ಇರಲಿಲ್ಲ. ಜ್ಯೂರಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಮಂಡಳಿ, 1.56 ಕೋಟಿ ಡಾಲರ್ ಕೊಡಿಸಿತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಎರಡು ವರ್ಷದ ಗಡುವನ್ನು ಯಾವ ದಿನದಿಂದ ಎಣಿಸಬೇಕು ಎಂಬ ಪ್ರಶ್ನೆ 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಯಿತು.

ಮುಂದಿನ ಸಲ ಸಹಿ ಹಾಕುವಾಗ

‘ಯಾವುದೇ ಮಾಧ್ಯಮದಲ್ಲಿ, ಯಾವುದೇ ಉದ್ದೇಶಕ್ಕೆ, ಶಾಶ್ವತವಾಗಿ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಕೈಬರಹದಲ್ಲಿ ತಿದ್ದಬಹುದು: ಯಾವ ಜಾಹೀರಾತು, ಎಲ್ಲಿ, ಎಷ್ಟು ತಿಂಗಳು. ಎಐಗೆ ಕೊಡುವಂತಿಲ್ಲ, ನಾನು ಹೇಳದ ಮಾತು ಹಾಕುವಂತಿಲ್ಲ ಎಂದೂ ಸೇರಿಸಿ. ತಿದ್ದಿದ ಕಡೆ ಇಬ್ಬರ ಸಹಿಯೂ ಇರಲಿ. ಎದುರಿಗಿರುವವರು ಸ್ವಲ್ಪ ಮುಖ ಗಂಟು ಹಾಕಬಹುದು. ಹಾಕಲಿ ಬಿಡಿ, ಆ ಹಾಳೆಯ ಒಂದು ಫೋಟೊ ಮಾತ್ರ ಅಲ್ಲೇ ತೆಗೆದುಕೊಂಡು ಬನ್ನಿ.