ಕೊಟ್ಟಿಗೆಯಿಂದ ಪೆಟ್ರಿ ತಟ್ಟೆಯವರೆಗೆ: ನನ್ನ ಎಂ.ವಿ.ಎಸ್ಸಿ. ಅನುಭವ

ಪಶುವೈದ್ಯರಾಗಲು ಓದುವ ಬಿ.ವಿ.ಎಸ್ಸಿ. ಪದವಿ ಅಂದರೆ ಐದೂವರೆ ವರ್ಷ. ಇಷ್ಟು ಓದಿದ ಮೇಲೂ ಮತ್ತೆ ಓದಬೇಕಾ ಅಂತ ಮನೆಯಲ್ಲಿ ಕೇಳಿದರು. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಎಂ.ವಿ.ಎಸ್ಸಿ. ಸ್ನಾತಕೋತ್ತರ ಪದವಿಗೆ ಮೈಕ್ರೋಬಯಾಲಜಿ (ಸೂಕ್ಷ್ಮಜೀವಿಗಳ ಅಧ್ಯಯನ) ತೆಗೆದುಕೊಳ್ಳಲು ನನಗಿದ್ದ ಕಾರಣ ಒಂದೇ. ಇಂಟರ್ನ್‌ಶಿಪ್‌ನಲ್ಲಿ ಕೆಚ್ಚಲು ಬಾವಿನ ಹಸುಗಳನ್ನು ತುಂಬಾ ನೋಡಿದ್ದೆ. ಒಂದು ಹಸುವಿಗೆ ನಾಟಿದ ಔಷಧಿ ಪಕ್ಕದ ಕೊಟ್ಟಿಗೆಯ ಹಸುವಿಗೆ ನಾಟುತ್ತಲೇ ಇರಲಿಲ್ಲ. ಯಾಕೆ ಅಂತ ತಿಳಿಯಬೇಕಿತ್ತು.

ಮೇಲೆ ಕಾಣದ ಕೆಚ್ಚಲು ಬಾವನ್ನೇ ವಿಷಯ ಮಾಡಿಕೊಂಡೆ. ಹಾಲು ಬೆಳ್ಳಗೇ ಇರುತ್ತದೆ, ಕೆಚ್ಚಲು ಊದಿರುವುದಿಲ್ಲ, ಇಳುವರಿ ಮಾತ್ರ ಇಳಿಯುತ್ತದೆ. ಅಂಥ ಹಾಲಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ, ಅವು ಯಾವ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ? ಇಷ್ಟೇ ನನ್ನ ಪ್ರಶ್ನೆ.

ಲ್ಯಾಬ್‌ಗಿಂತ ಮೊದಲು ಕಲಿಯಬೇಕಾದ್ದು ಸ್ಯಾಂಪಲ್ ಹಿಡಿಯುವುದು. ಬೆಳಿಗ್ಗೆ ಕರೆಯುವ ಮೊದಲೇ ಕೊಟ್ಟಿಗೆಯಲ್ಲಿ ಇರಬೇಕು. ಡೇರಿಗೆ ಹೊತ್ತಾದರೆ ಯಾವ ರೈತರೂ ನಿಲ್ಲುವುದಿಲ್ಲ, ಅದು ನ್ಯಾಯವೇ. ಮೊಲೆಯ ತುದಿಯನ್ನು ಶೇಕಡಾ 70ರ ಆಲ್ಕೋಹಾಲ್ ಹತ್ತಿಯಿಂದ ಒರೆಸಬೇಕು, ಹತ್ತಿ ಬೆಳ್ಳಗೆ ಬರುವವರೆಗೂ. ಒರೆಸುವಾಗ ಮೊದಲು ಆಚೆ ಬದಿಯ ಮೊಲೆಗಳು, ಆಮೇಲೆ ಈಚೆಯವು. ಹಾಲು ಹಿಡಿಯುವಾಗ ಉಲ್ಟಾ, ಮೊದಲು ಈಚೆಯವು. ಇಲ್ಲದಿದ್ದರೆ ಒರೆಸಿದ ಮೊಲೆಗೆ ನಮ್ಮ ತೋಳೇ ತಗಲುತ್ತದೆ. ಮೊದಲ ಮೂರ್ನಾಲ್ಕು ಧಾರೆ ಬಿಟ್ಟು, ಟ್ಯೂಬನ್ನು ಓರೆಯಾಗಿ ಹಿಡಿದು, ಆಮೇಲೆ ಹಾಲು ತೆಗೆಯಬೇಕು. ನೆಟ್ಟಗೆ ಹಿಡಿದರೆ ಕೂದಲು, ಹುಲ್ಲಿನ ಧೂಳು ಒಳಗೆ ಬೀಳುತ್ತದೆ. ಕೂಡಲೇ ಐಸ್ ಡಬ್ಬಕ್ಕೆ.

ರೈತರಿಗೆ ನಂಬಿಕೆ ಬರಿಸಿದ್ದು ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್ (ಮ್ಯಾಸ್ಟೈಟಿಸ್ ಅಂದರೆ ಕೆಚ್ಚಲು ಬಾವು). ನಾಲ್ಕು ಬಟ್ಟಲಿನ ತಟ್ಟೆ, ಒಂದೊಂದು ಮೊಲೆಗೆ ಒಂದೊಂದು ಬಟ್ಟಲು. ಹಾಲಿನಷ್ಟೇ ದ್ರಾವಣ ಹಾಕಿ ತಿರುಗಿಸಿದರೆ, ಬಾವು ಇರುವ ಮೊಲೆಯ ಹಾಲು ಲೋಳೆ ಕಟ್ಟುತ್ತದೆ. ಅದರಲ್ಲಿರುವ ಬಿಳಿ ರಕ್ತಕಣಗಳು ಒಡೆದು ಡಿ.ಎನ್.ಎ. ಹೊರಬರುವುದರಿಂದ ಹೀಗಾಗುತ್ತದೆ. ಡೇರಿಯಲ್ಲಿ ಗೊತ್ತಾದರೆ ಹಾಲು ತಗೊಳ್ಳಲ್ಲ ಅಂತ ಹೆದರಿದವರಿದ್ದರು. ಫಲಿತಾಂಶ ನಿಮಗೆ ಮಾತ್ರ ಹೇಳುತ್ತೇನೆ ಅಂತ ಮಾತು ಕೊಟ್ಟೆ, ಹಾಗೇ ನಡೆದುಕೊಂಡೆ.

ಲ್ಯಾಬ್‌ನಲ್ಲಿ ಹಾಲನ್ನು ಬ್ಲಡ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸಲು ರಕ್ತ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಆಹಾರ) ಮೇಲೆ ಎಳೆದು 37 ಡಿಗ್ರಿಯಲ್ಲಿ ಒಂದೆರಡು ದಿನ ಇಡುತ್ತಿದ್ದೆ. ಒಂದೇ ತಟ್ಟೆಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಬಗೆಯ ಕಾಲನಿ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಬಂದರೆ ಅದು ಕೊಟ್ಟಿಗೆಯ ಕೊಳೆ ಅಂತಲೇ ಲೆಕ್ಕ. ಎಷ್ಟೇ ದೂರದಿಂದ ತಂದಿರಲಿ, ಬಿಡಬೇಕು. ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಅಂತ ಖಾತ್ರಿಯಾದವನ್ನು ಮುಲ್ಲರ್ ಹಿಂಟನ್ ಅನ್ನುವ ಇನ್ನೊಂದು ಅಗಾರ್ ಮೇಲೆ ಹರಡಿ, ಔಷಧಿ ಬಿಲ್ಲೆಗಳನ್ನಿಟ್ಟು, ಸುತ್ತಲಿನ ಖಾಲಿ ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆಯುವುದು. ಸಿಫಾಕ್ಸಿಟಿನ್ ಅನ್ನುವ ಆಂಟಿಬಯಾಟಿಕ್ ಬಿಲ್ಲೆಗೆ ಬಗ್ಗದವುಗಳಲ್ಲಿ ಪಿ.ಸಿ.ಆರ್. (ಡಿ.ಎನ್.ಎ. ತುಣುಕನ್ನು ಯಂತ್ರದಲ್ಲಿ ನಕಲು ಮಾಡಿ ಹೆಚ್ಚಿಸುವ ವಿಧಾನ) ಮಾಡಿ, ಔಷಧಿಗೆ ಬಗ್ಗದಂತೆ ಮಾಡುವ ಮೆಕ್‌ಎ ಜೀನ್ ಹುಡುಕುವುದು. ಹೊಸಬರೆಲ್ಲ ನೇರ ಪಿ.ಸಿ.ಆರ್. ಕಡೆಗೇ ಓಡುತ್ತಾರೆ. ತಟ್ಟೆಯನ್ನು ಕಣ್ಣಿಂದ ಓದಲು ಬಂದರೆ ಆ ಯಂತ್ರ ಅರ್ಧ ದಿನದ ಕಲಿಕೆ, ಅಷ್ಟೇ.

ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರನ್ನು ಮೊದಲ ಸ್ಯಾಂಪಲ್‌ಗೂ ಮೊದಲೇ ನೋಡಿ. ಒಂದು ಹಸುವಿನ ನಾಲ್ಕು ಮೊಲೆಗಳನ್ನು ನಾಲ್ಕು ಬೇರೆ ಹಸುಗಳಂತೆ ಲೆಕ್ಕ ಹಾಕಬಾರದು, ಅಲ್ವಾ? ಅವಕ್ಕೆ ಮೇವು, ನೆಲ, ಕರೆಯುವ ಕೈ ಎಲ್ಲ ಒಂದೇ. ಇದನ್ನು ಸಿನಾಪ್ಸಿಸ್‌ನಲ್ಲೇ (ಸಂಶೋಧನೆಗೆ ಮೊದಲು ಕೊಡುವ ಯೋಜನೆ) ಬರೆದುಕೊಂಡರೆ ಥೀಸಿಸ್ ಬರೆಯುವಾಗ ತಲೆನೋವಿಲ್ಲ.

ಫಲಿತಾಂಶದ ಚೀಟಿಯನ್ನು ಪ್ರತಿ ಮನೆಗೂ ಕನ್ನಡದಲ್ಲಿ ಬರೆದುಕೊಟ್ಟೆ. ಯಾವ ಮೊಲೆ, ಯಾವ ಔಷಧಿ ನಾಟಬಹುದು, ಇಂಜೆಕ್ಷನ್ ಆದ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ. ಥೀಸಿಸ್‌ನಲ್ಲಿ ಇದಕ್ಕೆ ಅಂಕವಿಲ್ಲ. ಆದರೆ ಹಾಲು ಕೊಟ್ಟವರಿಗೆ ಇದು ಸಲ್ಲಲೇಬೇಕು ಅಂತ ನನ್ನ ನಂಬಿಕೆ.

ನಾನು ನೋಡಿದ್ದೆಲ್ಲ ಮಿಶ್ರತಳಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳು. ಚಿಕ್ಕಮಗಳೂರು ಕಡೆಯ ನಾಟಿ ತಳಿಯಾದ ಮಲೆನಾಡು ಗಿಡ್ಡ ಹಸುಗಳ ಕೆಚ್ಚಲಲ್ಲಿ ಏನಿದೆ? ಪಿಎಚ್.ಡಿ.ಗೆ ಅದನ್ನೇ ಕೇಳಬೇಕು ಅಂದುಕೊಂಡಿದ್ದೇನೆ.