ನಾಲಾ ನೀರು ಹಾಯುವ ಹೊಲದಲ್ಲಿ ಭಾರಲೋಹ ಅಳೆಯುವುದು ಹೇಗೆ

ಬೆಳಗಾವಿಯ ಕೊಳಚೆ ಹೊತ್ತು ಹರಿಯುವ ಬಳ್ಳಾರಿ ನಾಲಾ ಪಕ್ಕದ ಹೊಲದ ಮಣ್ಣನ್ನು ಭಾರಲೋಹದ (ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹ) ಪರೀಕ್ಷೆಗೆ ಕೊಡುವಾಗ ಒಂದೇ ಚೀಲ ಒಯ್ಯಬೇಡಿ. ಅದೇ ಬಗೆಯ ಮಣ್ಣಿದ್ದು, ಬಾವಿ ನೀರನ್ನಷ್ಟೇ ಕಂಡ ಹೊಲದ್ದೂ ಒಂದು ಬೇಕು. ಎರೆ ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು. ನಿಕ್ಕಲ್, ಕ್ರೋಮಿಯಂ, ತಾಮ್ರ ಅದರಲ್ಲಿ ಮೊದಲಿಂದಲೇ ಹೆಚ್ಚು. ಎರಡನೆಯ ಚೀಲವಿಲ್ಲದೆ ಕಲ್ಲಿನದೆಷ್ಟು, ಕೊಳಚೆಯದೆಷ್ಟು ಎಂದು ಬಿಡಿಸಲು ಆಗುವುದಿಲ್ಲ.

ಬೇಸಿಗೆಯ ಕೊನೆಗೆ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಿರಿ. ರಂಜಕದ ಗೊಬ್ಬರದಲ್ಲೂ ಕ್ಯಾಡ್ಮಿಯಂ ಇರುತ್ತದೆ. ಅಂಕುಡೊಂಕಾಗಿ ನಡೆದು 15 ಕಡೆ, 15 ಸೆಂ.ಮೀ. ಆಳದ ‘ವಿ’ ಆಕಾರದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳತನಕ ಒಂದೇ ದಪ್ಪದ ಪದರ ತೆಗೆಯಿರಿ. ಬದು, ತಿಪ್ಪೆ, ರಸ್ತೆಯಂಚು ಬಿಡಿ. ಬಿರುಕಿನ ಬಾಯಿಯನ್ನೂ ಬಿಡಿ. ನಾಲಾದ ಹೂಳು ಅದರೊಳಗೆ ಇಳಿದು ಕೂತಿರುತ್ತದೆ. ಸತು ಬಳಿದ ಪತ್ರಾ ಬಕೆಟ್ ಬಳಸಿದರೆ ಅದರ ಸತುವೇ ವರದಿಯಲ್ಲಿ ಏರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕುರ್ಪಿ, ಪ್ಲಾಸ್ಟಿಕ್ ಬಕೆಟ್ ಸಾಕು. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಇಟ್ಟುಕೊಳ್ಳುತ್ತ ಅರ್ಧ ಕಿಲೋಗೆ ಇಳಿಸಿ. ಹೆಂಟೆಗಳನ್ನು ಅರೆಹಸಿ ಇರುವಾಗಲೇ ಕೈಯಿಂದ ಒಡೆಯಿರಿ. ಪೂರ್ತಿ ಒಣಗಿದರೆ ಕಲ್ಲಾಗುತ್ತವೆ, ಆಗ ಕಬ್ಬಿಣದ ಸುತ್ತಿಗೆ ಎತ್ತುವುದೇ ತಪ್ಪು. ನೆರಳಲ್ಲಿ ಒಣಗಿಸಿ, 2 ಮಿ.ಮೀ. ನೈಲಾನ್ ಜರಡಿ ಹಿಡಿಯಿರಿ.

ಲ್ಯಾಬಿನಲ್ಲಿ ನುಣ್ಣಗೆ ಅರೆದ 0.5 ಗ್ರಾಂ ಮಣ್ಣನ್ನು ಆಕ್ವಾ ರೀಜಿಯಾದಲ್ಲಿ (ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ) ಹೊಗೆ ಹೀರುವ ಗೂಡಿನೊಳಗೆ ಕಾಯಿಸಿ, ಸೋಸಿ, 50 ಮಿ.ಲೀ.ಗೆ ತುಂಬಿ ಲೋಹದ ಪ್ರಮಾಣ ಅಳೆಯುವ ಎಎಎಸ್ ಯಂತ್ರಕ್ಕೆ ಕೊಡುತ್ತಾರೆ. ಎರೆ ಮಣ್ಣಲ್ಲಿ ಸುಣ್ಣದಂಶ ಹೆಚ್ಚು. ಆಮ್ಲ ಒಮ್ಮೆಲೇ ಸುರಿದರೆ ನೊರೆ ಉಕ್ಕಿ ಮಾದರಿ ಹೊರಚೆಲ್ಲುತ್ತದೆ. ಮಣ್ಣಿಲ್ಲದ ಬರೀ ಆಮ್ಲವನ್ನೂ ಹೀಗೇ ಓಡಿಸಿ ಅದರ ಓದನ್ನು ಕಳೆಯಬೇಕು. ಸೀಸ ಲೀಟರಿಗೆ 0.45 ಮಿ.ಗ್ರಾಂ., ಬರೀ ಆಮ್ಲ 0.05 ಎಂದಾದರೆ 0.40 × 50 ÷ 0.5 = ಕಿಲೋಗೆ 40 ಮಿ.ಗ್ರಾಂ.

ಇದು ಒಟ್ಟು ಲೋಹ. ಬೇರಿಗೆ ಸಿಗುವುದೆಷ್ಟು ಎಂದು ತಿಳಿಯಲು ಡಿಟಿಪಿಎ (ಮಣ್ಣಿನಿಂದ ಸಡಿಲ ಲೋಹವನ್ನು ಹಿಡಿದೆಳೆಯುವ ರಾಸಾಯನಿಕ) ಪರೀಕ್ಷೆಯನ್ನೂ ಕೇಳಿ: 10 ಗ್ರಾಂ ಮಣ್ಣು, 20 ಮಿ.ಲೀ. ದ್ರಾವಣ, 2 ಗಂಟೆ ಅಲುಗಾಟ. ಪಿಎಚ್ 8ರ ಎರೆ ಮಣ್ಣು ಸೀಸವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಖಾನಾಪುರ ಕಡೆಯ ಹುಳಿ ಕೆಮ್ಮಣ್ಣು ಅಷ್ಟು ಹಿಡಿಯದು. ಕ್ಯಾಡ್ಮಿಯಂ ಮಾತ್ರ ಹೆಚ್ಚು ಸಡಿಲ. ಉಪ್ಪುನೀರಿನ ಕ್ಲೋರೈಡ್ ಸೇರಿದರೆ ಎರೆಯಲ್ಲೂ ಪಾಲಕ್ ಸೊಪ್ಪಿಗೆ ಏರುತ್ತದೆ. ಹಾಗಾಗಿ ಸೊಪ್ಪನ್ನೂ ಪರೀಕ್ಷಿಸಿ. ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿಯಂತೆ ಹಸಿ ಸೊಪ್ಪಿನ ಕಿಲೋಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿ.ಗ್ರಾಂ. ಸೀಸ ಹೆಚ್ಚಾಗಿ ಎಲೆಗಂಟಿದ ಮಣ್ಣಿನಿಂದ ಬರುವುದರಿಂದ, ಒಂದು ಪಾಲನ್ನು ತೊಳೆದು, ಇನ್ನೊಂದನ್ನು ತೊಳೆಯದೆ ಕಳಿಸಿ. ತೊಳೆದ ಸೊಪ್ಪಲ್ಲೂ ಮಿತಿ ಮೀರಿದರೆ ಆ ಹೊಲದಲ್ಲಿ ಸೊಪ್ಪು, ಗಜ್ಜರಿ, ಮೂಲಂಗಿ ನಿಲ್ಲಿಸಿ, ಹತ್ತಿ ಹಾಕುವುದು ಲೇಸು.